ಹ್ಯಾಂಗ್ ಆದ ಸಿಸ್ಟಮ್: ಫಾರ್ಮ್ಯಾಟ್ ಹೊಡೆಸುವ ಮುಂಚೆ

ಪ್ರಶ್ನೆ: ತಿಪಟೂರಿನಲ್ಲಿ ಚಿಕ್ಕ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ವಿಂಡೋಸ್ 10 ಸಿಸ್ಟಮ್. ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಅವತ್ತಿನಿಂದ ಲಗ್ನಪತ್ರಿಕೆ ಟೈಪ್ ಮಾಡುತ್ತಿರುವಾಗಲೇ ಪರದೆ ನಿಂತುಬಿಡುತ್ತದೆ. ಬಟನ್ ಒತ್ತಿ ಹಿಡಿದು ಆಫ್ ಮಾಡದೆ ವಿಧಿಯಿಲ್ಲ. ರಿಪೇರಿಯವರು "ಓಎಸ್ ಫೈಲ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಬೇಕು" ಅನ್ನುತ್ತಾರೆ. ನುಡಿಯಲ್ಲಿ ಮಾಡಿಟ್ಟ ಹಳೆಯ ಕೆಲಸವೆಲ್ಲ ಅದರಲ್ಲೇ ಇದೆ. ಬೇರೆ ದಾರಿ ಇಲ್ಲವೇ ಸಾರ್?
— ಡಿಟಿಪಿ ಅಂಗಡಿಯವರು, ತಿಪಟೂರು

ಉತ್ತರ: ಇದೆ. ಅವರು ಹೇಳಿದ ಕಾರಣ ಸರಿ ಇದ್ದೀತು, ಆದರೆ ಫಾರ್ಮ್ಯಾಟ್ ಕೊನೆಯಲ್ಲಿ ಮಾಡುವ ಕೆಲಸ. ಅಪ್‌ಡೇಟ್ ನಡೆಯುವಾಗ ವಿಂಡೋಸ್ ಹಳೆಯ ಫೈಲ್ ತೆಗೆದು ಹೊಸದನ್ನು ಕೂರಿಸುತ್ತಿರುತ್ತದೆ. ನಡುವೆ ಕರೆಂಟ್ ಹೋದರೆ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡು ಅದರಲ್ಲೇ ಇದೆಯಾದರೂ ಎಲ್ಲ ಸಲವೂ ಅದು ಪೂರ್ತಿ ಕೈಗೂಡುವುದಿಲ್ಲ. ಒಂದು ಫೈಲ್ ಹೊಸದು, ಅದನ್ನು ನಂಬಿಕೊಂಡ ಇನ್ನೊಂದು ಹಳೆಯದು ಎಂದಾದಾಗ ಇಂಥ ತೊಂದರೆ ಶುರುವಾಗುತ್ತದೆ.

ಮುಂದಿನ ಸಲ ಪರದೆ ನಿಂತಾಗ ಪವರ್ ಬಟನ್‌ಗೆ ಕೈ ಹಾಕುವ ಮುನ್ನ ಕೀಬೋರ್ಡಿನ ನಂಬರ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಒಳಗೆ ಇನ್ನೂ ಜೀವಂತ ಇದೆ ಎಂದರ್ಥ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ‘ಬಿ’ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಪರದೆ ಒಮ್ಮೆ ಕಪ್ಪಾಗಿ ಎಲ್ಲ ಮೊದಲಿನಂತಾದರೆ ನಿಮ್ಮ ಅನುಮಾನ ಓಎಸ್ ಬಿಟ್ಟು ಡಿಸ್ಪ್ಲೇ ಡ್ರೈವರ್ ಕಡೆ ತಿರುಗಬೇಕು. ದೀಪವೂ ಅಲ್ಲಾಡದಿದ್ದರೆ ತೊಂದರೆ ಆಳದಲ್ಲಿದೆ.

ಏನೇ ಮಾಡುವ ಮೊದಲು ಕೆಲಸದ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಸಿಸ್ಟಮ್ ಅಷ್ಟು ಹೊತ್ತೂ ನಿಲ್ಲದಿದ್ದರೆ ಸೇಫ್ ಮೋಡ್‌ನಲ್ಲಿ ಶುರು ಮಾಡಿ. ಅಲ್ಲಿ ಹೊರಗಿನ ಡ್ರೈವರ್‌ಗಳು, ಸ್ಟಾರ್ಟಪ್ ಪ್ರೋಗ್ರಾಂಗಳು ಬಹುಪಾಲು ಲೋಡ್ ಆಗುವುದಿಲ್ಲ, ಹಾಗಾಗಿ ಎಷ್ಟೋ ಸಲ ಹ್ಯಾಂಗ್ ಆಗದೆ ನಡೆಯುತ್ತದೆ. ಡಿಟಿಪಿಯವರಿಗೆಂದೇ ಇನ್ನೊಂದು ಮಾತು: ಪೇಜ್‌ಮೇಕರ್, ವರ್ಡ್ ಫೈಲ್ ಉಳಿಸಿಕೊಂಡರೆ ಸಾಲದು, ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಬರಹ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಫಾರ್ಮ್ಯಾಟ್ ಆದ ಮೇಲೆ ‘ನನ್ನ ಫೈಲ್ ಹಾಳಾಯಿತು’ ಎಂದು ಗಾಬರಿಪಡುವವರಲ್ಲಿ ಎಷ್ಟೋ ಜನರ ಫೈಲ್ ನೆಟ್ಟಗೇ ಇರುತ್ತದೆ, ಫಾಂಟ್ ಹೋಗಿರುತ್ತದೆ.

ಈಗ ರಿಪೇರಿ. ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕಾಣಿಸುವ ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಕಪ್ಪು ಕಿಟಕಿ ತೆರೆದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ‘ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್’ ಎಂದು ಕೊಡಿ. ಪ್ರತಿ ಓರೆಗೆರೆಗೆ ಮೊದಲು ಒಂದು ಸ್ಪೇಸ್ ಇರಲಿ, ಅದಾದ ಮೇಲೆ ಬೇಡ. ವಿಂಡೋಸ್ ತನ್ನ ಮುಖ್ಯ ಫೈಲ್‌ಗಳ ಮೂಲಪ್ರತಿಗಳನ್ನು ಒಳಗೊಂದು ಉಗ್ರಾಣದಲ್ಲಿ ಇಟ್ಟುಕೊಂಡಿರುತ್ತದೆ. ಡಿಐಎಸ್‌ಎಂ ಆ ಉಗ್ರಾಣವನ್ನೇ ತಪಾಸಣೆ ಮಾಡಿ, ಕೆಟ್ಟದ್ದನ್ನು ವಿಂಡೋಸ್ ಅಪ್‌ಡೇಟ್‌ನಿಂದ ತರಿಸಿಕೊಳ್ಳುತ್ತದೆ, ಹಾಗಾಗಿ ಇಂಟರ್‌ನೆಟ್ ಬೇಕು. ಶೇಕಡಾ 62.3 ತಲುಪಿ ಎಷ್ಟೋ ಹೊತ್ತು ಅಲ್ಲೇ ಕೂರುವುದು ಇದರ ಹಳೆಯ ಚಾಳಿ, ಕಿಟಕಿ ಮುಚ್ಚಬೇಡಿ.

ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ’, ಒಂದು ಸ್ಪೇಸ್, ‘/ಸ್ಕ್ಯಾನ್‌ನೌ’. ಇದು ಬಳಕೆಯಲ್ಲಿರುವ ಸಿಸ್ಟಮ್ ಫೈಲ್‌ಗಳನ್ನು ಉಗ್ರಾಣದ ಪ್ರತಿಗಳೊಂದಿಗೆ ತಾಳೆ ನೋಡಿ ಕೆಟ್ಟದ್ದನ್ನು ಬದಲಿಸುತ್ತದೆ. ಅನೇಕರು ಡಿಐಎಸ್‌ಎಂ ಬಿಟ್ಟು ಇದೊಂದನ್ನೇ ಓಡಿಸಿ ‘ಕೆಲಸ ಮಾಡಲಿಲ್ಲ’ ಅನ್ನುತ್ತಾರೆ. ಉಗ್ರಾಣದ ಪ್ರತಿಯೇ ಕೆಟ್ಟಿದ್ದರೆ ಪಾಪ ಅದಾದರೂ ಏನನ್ನು ತಂದು ಹಾಕೀತು? ಕೊನೆಯಲ್ಲಿ ಬರುವ ಸಾಲನ್ನು ಓದಿ. ದೋಷ ಸಿಗಲಿಲ್ಲ ಎಂದರೆ ಸಿಸ್ಟಮ್ ಫೈಲ್ ಸರಿಯಿದೆ, ಕಾರಣ ಬೇರೆ ಕಡೆ ಹುಡುಕಿ. ಸಿಕ್ಕಿತು, ಸರಿಪಡಿಸಿದೆ ಎಂದರೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿ. ಕೆಲವನ್ನು ಸರಿಪಡಿಸಲಾಗಲಿಲ್ಲ ಎಂದರೆ ಮೈಕ್ರೋಸಾಫ್ಟ್‌ನ ಸೈಟಿನಿಂದಲೇ ವಿಂಡೋಸ್ ಐಎಸ್‌ಒ ಇಳಿಸಿ, ವಿಂಡೋಸ್ ಚಾಲೂ ಇರುವಾಗಲೇ ಅದರೊಳಗಿನ ಸೆಟಪ್ ಓಡಿಸಿ, ‘ಫೈಲ್‌ಗಳು, ಆ್ಯಪ್‌ಗಳು ಎರಡನ್ನೂ ಉಳಿಸಿಕೊಳ್ಳಿ’ ಎಂಬುದನ್ನು ಆರಿಸಿ. ಐಎಸ್‌ಒದ ಭಾಷೆ, ಆವೃತ್ತಿ ನಿಮ್ಮದಕ್ಕೆ ಹೊಂದಬೇಕು, ಇಲ್ಲದಿದ್ದರೆ ಆ ಆಯ್ಕೆ ಸಿಗುವುದಿಲ್ಲ. ಓಎಸ್ ಹೊಸದಾಗಿ ಕೂರುತ್ತದೆ, ನಿಮ್ಮ ನುಡಿ, ಪೇಜ್‌ಮೇಕರ್ ಇದ್ದಲ್ಲೇ ಇರುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಿಸ್ಟಮ್ ತಾಳುವುದಾದರೆ 11ಕ್ಕೆ ಏರಿಸುವ ಯೋಚನೆ ಮಾಡಿ. ಅದಕ್ಕೂ ಮೊದಲು ಯುಪಿಎಸ್ ಬ್ಯಾಟರಿ ಹಾಕಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಗಳು ಹೇಳಿಕೊಟ್ಟಂತೆ ಎಸ್‌ಎಫ್‌ಸಿ ಓಡಿಸಿದೆ, ‘ಸರಿಪಡಿಸಲಾಗಿದೆ’ ಎಂದು ಬಂತು. ಕೆಲವು ದಿನ ಚೆನ್ನಾಗಿತ್ತು, ಮತ್ತೆ ಅದೇ ರಾಗ. ಹೀಗೆ ಎಷ್ಟು ಸಲ ಸರಿಪಡಿಸುವುದು?
— ಓದುಗರು, ಧಾರವಾಡ

ಉತ್ತರ: ಇನ್ನು ಸಾಕು ಸರ್, ಓಡಿಸಬೇಡಿ. ಒಮ್ಮೆ ಸರಿಯಾದ ಫೈಲ್ ಸುಮ್ಮಸುಮ್ಮನೆ ಮತ್ತೆ ಕೆಡುವುದಿಲ್ಲ. ಅದನ್ನು ಕೆಡಿಸುತ್ತಿರುವುದು ಹಾರ್ಡ್‌ಡಿಸ್ಕ್ ಇರಬಹುದು, ರ‍್ಯಾಮ್ ಇರಬಹುದು, ನನ್ನ ಅನುಮಾನ ಮೊದಲು ಡಿಸ್ಕ್ ಮೇಲೆ. ಹ್ಯಾಂಗ್ ಆದಾಗ ಸಿಪಿಯು ಪೆಟ್ಟಿಗೆಯ ಹಾರ್ಡ್‌ಡಿಸ್ಕ್ ದೀಪ ಆರದೆ ಉರಿಯುತ್ತಲೇ ಇರುತ್ತದೆಯೇ, ಒಳಗಿನಿಂದ ಟಕ್ ಟಕ್ ಸದ್ದು ಬರುತ್ತದೆಯೇ ಗಮನಿಸಿ.

ಮೊಮ್ಮಗಳಿಗೆ ಹೇಳಿ ‘ಈವೆಂಟ್ ವ್ಯೂವರ್’ ತೆರೆಸಿ. ವಿಂಡೋಸ್ ಲಾಗ್ಸ್ ಕೆಳಗಿನ ‘ಸಿಸ್ಟಮ್’ ಪಟ್ಟಿಯಲ್ಲಿ ಹ್ಯಾಂಗ್ ಆದ ಹೊತ್ತಿನ ಆಸುಪಾಸು ‘ಡಿಸ್ಕ್’ ಹೆಸರಿನಲ್ಲಿ 7 ಅಥವಾ 153 ಸಂಖ್ಯೆಯ ದಾಖಲೆ ಇದೆಯೇ ನೋಡಲಿ. 7 ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಜಾಗ ಸಿಕ್ಕಿದೆ. 153 ಅಂದರೆ ಓದುವ ಅಥವಾ ಬರೆಯುವ ಕೆಲಸ ಒಮ್ಮೆಗೆ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು. ಅಲ್ಲೇ ಕೆಂಪು ಗುರುತಿನ ‘ಕರ್ನಲ್-ಪವರ್ 41’ ಕಂಡು ಹೆದರಬೇಡಿ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅದು ಹೇಳುತ್ತದೆ, ಬಟನ್ ಒತ್ತಿ ಆಫ್ ಮಾಡಿದವರು ನೀವೇ ತಾನೇ.

7 ಕಂಡರೆ ಅವತ್ತೇ ಫೋಟೋ, ದಾಖಲೆಗಳನ್ನು ಕಾಪಿ ಮಾಡಿಕೊಳ್ಳಿ. ಚೆಕ್ ಡಿಸ್ಕ್ ಓಡಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕಾಪಿ ಆಗುವ ತನಕ ಕೇಳಬೇಡಿ. ಅದರ ‘/ಆರ್’ ಆಯ್ಕೆ ಡಿಸ್ಕ್‌ನ ಮೂಲೆಮೂಲೆಯನ್ನೂ ಓದುತ್ತಾ ಗಂಟೆಗಟ್ಟಲೆ ದುಡಿಸುತ್ತದೆ, ಕೊನೆಯುಸಿರಿನಲ್ಲಿರುವ ಡಿಸ್ಕ್ ಆ ದುಡಿಮೆಯಲ್ಲೇ ಹೋಗಿಬಿಡಬಹುದು. ಡಿಸ್ಕ್ ಬದಲಿಸಲೇಬೇಕಾದರೆ ಎಸ್‌ಎಸ್‌ಡಿ ಹಾಕಿಸಿ. 153 ಮಾತ್ರ ಇದ್ದರೆ ಸಾಟಾ ಕೇಬಲ್ ಬಿಚ್ಚಿ ಬಿಗಿಯಾಗಿ ಕೂರಿಸಿ ನೋಡುವುದು ಪುಕ್ಕಟೆ ಪರೀಕ್ಷೆ. ಡಿಸ್ಕ್ ಪಾಡು ಚೆನ್ನಾಗಿದ್ದರೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಓಡಿಸಿ ರ‍್ಯಾಮ್ ನೋಡಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು ಪೆನ್‌ಡ್ರೈವ್‌ನಿಂದ ಫ್ರೀ ವಿಂಡೋಸ್ ಹಾಕಿ, ಆ್ಯಕ್ಟಿವೇಟರ್ ಓಡಿಸಿಕೊಟ್ಟರು. ಆ್ಯಂಟಿವೈರಸ್ ಆಫ್ ಇಡಲು ಹೇಳಿದ್ದಾರೆ. ಲ್ಯಾಪ್‌ಟಾಪ್ ಆಗಾಗ ಹ್ಯಾಂಗ್ ಆಗುತ್ತದೆ. ಎಸ್‌ಎಫ್‌ಸಿ ಸಾಕೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಾಲದು. ಯಾರು ಏನನ್ನು ತಿದ್ದಿದ್ದಾರೋ ಗೊತ್ತಿಲ್ಲದ ಓಎಸ್ ಅದು. ಕಾವಲಿನವನನ್ನು ಆಚೆ ಕಳಿಸಿದರಷ್ಟೇ ಒಳಗೆ ಬರುತ್ತೇನೆ ಅನ್ನುವ ಪ್ರೋಗ್ರಾಂ ಯಾವ ಜಾತಿಯದು ಎಂದು ನೀವೇ ಊಹಿಸಿ. ಈ ಒಂದು ಸಂದರ್ಭದಲ್ಲಿ ನಾನೂ ಫಾರ್ಮ್ಯಾಟ್ ಪಕ್ಷ. ಲ್ಯಾಪ್‌ಟಾಪ್ ಕೊಂಡಾಗಲೇ ವಿಂಡೋಸ್ ಜತೆಗೆ ಬಂದಿದ್ದರೆ ಸಾಮಾನ್ಯವಾಗಿ ಅದರ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿದ ಅದೇ ಆವೃತ್ತಿ ಹಾಕಿ ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ನೀವು ಕಾಸು ಕೊಟ್ಟು ಕೊಂಡದ್ದನ್ನೇ ಸೀನಿಯರ್ ಅಳಿಸಿ ಕಳ್ಳಮಾಲು ಹಾಕಿಕೊಟ್ಟಿರುವ ಸಾಧ್ಯತೆ ಇದೆ. ಆಮೇಲೆ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ.

ಪ್ರಶ್ನೆ: 2024ರ ಜುಲೈನಲ್ಲಿ ನಮ್ಮ ಆಫೀಸಿನ ಸಿಸ್ಟಮ್‌ಗಳೆಲ್ಲ ನೀಲಿ ಪರದೆ ತೋರಿಸಿ ನಿಂತವಲ್ಲ, ಅದೂ ಓಎಸ್ ಫೈಲ್ ಕೆಟ್ಟಿದ್ದರಿಂದಲೇ? ಎಸ್‌ಎಫ್‌ಸಿ ಯಾಕೆ ಉಪಯೋಗಕ್ಕೆ ಬರಲಿಲ್ಲ?
— ಓದುಗರು, ಬೆಂಗಳೂರು

ಉತ್ತರ: ಕೆಟ್ಟ ಫೈಲ್ ಹೌದು, ಓಎಸ್‌ನದ್ದಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಜುಲೈ 19ರಂದು ಕಳಿಸಿದ ‘ಚಾನೆಲ್ ಫೈಲ್ 291’ ಅದು. ಫೈಲ್ 21ನೇ ಮೌಲ್ಯವೊಂದನ್ನು ನೋಡಲು ಹೇಳುತ್ತಿತ್ತು, ಕ್ರೌಡ್‌ಸ್ಟ್ರೈಕ್ ಪ್ರೋಗ್ರಾಂ ಒದಗಿಸುತ್ತಿದ್ದದ್ದು 20 ಮಾತ್ರ. ಇಲ್ಲದ ಜಾಗಕ್ಕೆ ಕೈ ಹಾಕಿ ಅದು ಕುಸಿಯಿತು, ಕರ್ನಲ್ ಮಟ್ಟದಲ್ಲಿ ಓಡುವ ಡ್ರೈವರ್ ಆದ್ದರಿಂದ ವಿಂಡೋಸ್ ಅನ್ನೂ ಕೆಡವಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಪೆಟ್ಟು ತಿಂದ ಸಾಧನಗಳು 85 ಲಕ್ಷ. ಎಸ್‌ಎಫ್‌ಸಿ ಕಾಯುವುದು ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ಮಾತ್ರ. ನಿಮ್ಮ ಆ್ಯಂಟಿವೈರಸ್, ಪ್ರಿಂಟರ್ ಡ್ರೈವರ್ ಕೆಟ್ಟಿದ್ದರೂ ‘ಎಲ್ಲ ಸರಿಯಿದೆ’ ಅಂದೀತು. ಅವತ್ತು ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸಬೇಕಿತ್ತು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದ ಸಿಸ್ಟಮ್‌ಗಳಲ್ಲಿ ಅದಕ್ಕೂ ಮೊದಲು 48 ಅಂಕಿಗಳ ಕೀ ಟೈಪ್ ಮಾಡಬೇಕಾಗಿ ಬಂದು ಐಟಿಯವರ ಬೆರಳು ಸವೆದವು. ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನ ಆ ಕೀ ಎಲ್ಲಿದೆ ಎಂದು ಈಗಲೇ ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿ, ಕಾಗದದಲ್ಲಿ ಬರೆದಿಡಿ.

ಪ್ರಶ್ನೆ: ಸಿ ಡ್ರೈವ್ ತುಂಬಿ ಸಿಸ್ಟಮ್ ತಡವರಿಸುತ್ತಿದೆ. ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಫೋಲ್ಡರ್ ತುಂಬಾ ಜಾಗ ತಿಂದಿದೆ. ಅಳಿಸಲೇ?
— ಓದುಗರು, ಪುತ್ತೂರು

ಉತ್ತರ: ಮುಟ್ಟಬೇಡಿ! ಮೇಲೆ ಹೇಳಿದ ಉಗ್ರಾಣ ಅದೇ. ಕಾಣಿಸುವಷ್ಟು ಜಾಗವನ್ನು ಅದು ತಿಂದೂ ಇಲ್ಲ: ಅಲ್ಲಿನ ಎಷ್ಟೋ ಫೈಲ್‌ಗಳು ಡಿಸ್ಕ್‌ನಲ್ಲಿ ಒಂದೇ ಕಡೆ ಇದ್ದು ಎರಡು ಫೋಲ್ಡರ್‌ಗಳಲ್ಲಿ ಹೆಸರು ಹಚ್ಚಿಕೊಂಡಿರುತ್ತವೆ, ಲೆಕ್ಕ ಎರಡೂ ಕಡೆ ಬೀಳುತ್ತದೆ. ‘ಡಿಸ್ಕ್ ಕ್ಲೀನಪ್’ ತೆರೆದು ‘ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್’ ಒತ್ತಿ, ಹಳೆಯ ಅಪ್‌ಡೇಟ್‌ಗಳ ಉಳಿಕೆಯನ್ನು ಅದು ತೆಗೆಯಲಿ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇದ್ದೀತು, ಬೇಕಾದದ್ದು ಅಲ್ಲಿದ್ದರೆ ಅದರ ಗುರುತು ತೆಗೆದ ಮೇಲೆ ಓಕೆ ಕೊಡಿ.