ಕ್ಯಾಸ್ಕೇಡ್: ಮನೆ ಬಿಯರಿನ ಹಂಡೆಯಲ್ಲಿ ಗೆದ್ದ ಅಗ್ಗದ ಹಾಪ್ಸ್

ಬಿಯರಿನ ಕಹಿ ಎಲ್ಲಿಂದ ಬರ್ತದೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬಾರ್ಲಿಯಿಂದ ಅನ್ನುತ್ತಾರೆ. ಹಾಗಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸ ಬೆಲ್ಲದ ನೀರಿನಂತೆ ಸಿಹಿ. ಅದಕ್ಕೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು. ಬಿಯರು ಬೇಗನೆ ಕೆಡದ ಹಾಗೆ ಕಾಯುವುದೂ ಅದೇ.

ಈ ಬಳ್ಳಿ ಗಾಂಜಾದ ಕುಟುಂಬಕ್ಕೆ ಸೇರಿದ್ದು, ಆದರೆ ಆ ನಶೆ ಇದರಲ್ಲಿಲ್ಲ. ಕಾಳುಮೆಣಸಿನಂತೆ ಗಂಟಿನಲ್ಲಿ ಬೇರು ಬಿಟ್ಟು ಮರಕ್ಕೆ ಅಂಟುವುದಿಲ್ಲ. ಮೈಮೇಲಿನ ಒರಟು ರೋಮದ ಹಿಡಿತದಲ್ಲಿ ಹಗ್ಗವನ್ನು ಸುತ್ತಿಕೊಂಡು ಐದಾರು ಮೀಟರ್ ಏರುತ್ತದೆ. ಚಳಿಗಾಲಕ್ಕೆ ಮೇಲಿನದ್ದೆಲ್ಲ ಒಣಗಿ, ಮರುವರ್ಷ ಬುಡದಿಂದ ಹೊಸ ಕುಡಿ. ಗಂಡು ಬಳ್ಳಿ ಬೇರೆ, ಹೆಣ್ಣು ಬೇರೆ. ಬೇಕಾದ್ದು ಹೆಣ್ಣು ಬಳ್ಳಿಯ ಗೊಂಚಲು. ಅದರ ಎಸಳುಗಳ ಬುಡದಲ್ಲಿ ಹಳದಿ ಹುಡಿ ಉಂಟು. ವ್ಯಾಪಾರವೆಲ್ಲ ಆ ಹುಡಿಯದ್ದು.

ಅಮೆರಿಕದ ವಾಯವ್ಯ ಭಾಗದ ಆರೆಗನ್, ವಾಷಿಂಗ್ಟನ್ ರಾಜ್ಯಗಳು ಹಾಪ್ಸಿನ ಸೀಮೆ. ಅಲ್ಲಿನ ತೋಟಗಳನ್ನು ಡೌನಿ ಮಿಲ್ಡ್ಯೂ ರೋಗ ಬಹಳ ಕಾಡಿತು. ದ್ರಾಕ್ಷಿ ಬೆಳೆದವರಿಗೆ ಈ ಹೆಸರು ಗೊತ್ತು, ಅಡಿಕೆಯವರಿಗೆ ಹೇಳುವುದಾದರೆ ನಮ್ಮ ಕೊಳೆರೋಗದ ದಾಯಾದಿ. ಮದ್ದೂ ಹಳೆಯದೇ: ತಾಮ್ರ, ಬೋರ್ಡೋ ದ್ರಾವಣ. ರೋಗ ತಡೆಯುವ ತಳಿ ಬೇಕೆಂದು ಅಮೆರಿಕ ಸರ್ಕಾರದ ಕೃಷಿ ಇಲಾಖೆಯವರು ಆರೆಗನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಇಂಗ್ಲೆಂಡಿನ ಫಗಲ್ ತಳಿ, ರಷ್ಯದ ಸೆರೆಬ್ರಿಯಾಂಕಾ ತಳಿ ಇವುಗಳ ರಕ್ತ ಸೇರಿದ ಒಂದು ಸಸಿ 1956ರ ಬೀಜದಿಂದ ಸಿಕ್ಕಿತು. ಅದು ಕ್ಯಾಸ್ಕೇಡ್ ಎಂಬ ಹೆಸರಿನಲ್ಲಿ ಹೊರಬಂದದ್ದು 1972ರಲ್ಲಿ. ಹದಿನಾರು ವರ್ಷ! (ವಿಟ್ಲದ ಮಂಗಳಾ ಅಡಿಕೆ ತಳಿ ಬಿಡುಗಡೆಯಾದದ್ದೂ 1972ರಲ್ಲೇ.)

ದೊಡ್ಡ ಬಿಯರ್ ಕಂಪೆನಿಗಳಿಗೆ ಅದರ ಮೇಲೆ ಮೊದಲು ಪ್ರೀತಿಯೇನೂ ಇರಲಿಲ್ಲ. ಅವರಿಗೆ ಬೇಕಾದ್ದು ಜರ್ಮನಿಯ ಹಾಲರ್ಟೌ ಸೀಮೆಯ ಹಾಪ್ಸ್. ಅಲ್ಲಿ ವರ್ಟಿಸಿಲಿಯಂ ಎಂಬ ಸೊರಗು ರೋಗ ಬಂದು ಬಳ್ಳಿಗಳು ಸತ್ತು, ಮಾಲು ಕಡಿಮೆಯಾಗಿ ದರ ಏರಿತು. ಆಗ ಕೂರ್ಸ್ ಕಂಪೆನಿ ಕ್ಯಾಸ್ಕೇಡ್ ಕಡೆ ತಿರುಗಿತು, ಬೆಳೆಗಾರರೂ ನೆಟ್ಟರು. ಆದರೆ ಕ್ಯಾಸ್ಕೇಡಿನ ಪರಿಮಳ ಜರ್ಮನ್ ಹಾಪ್ಸಿನಂತೆ ಮೆತ್ತಗಿನದಲ್ಲ. ಚಕ್ಕೋತದ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದಾಗ ಬರುವ ವಾಸನೆ, ಜತೆಗೆ ಸ್ವಲ್ಪ ಹೂವಿನದ್ದು. ಜರ್ಮನ್ ಬಿಯರಿನ ಅಳತೆಗೋಲಿನಲ್ಲಿ ಅದು ಕುಂದು.

ಆ ಕುಂದನ್ನೇ ಗುಣ ಮಾಡಿದವರು ಸಣ್ಣವರು. ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಎಂಬ ಸಣ್ಣ ಬ್ರೂವರಿ 1975ರಲ್ಲಿ ಲಿಬರ್ಟಿ ಏಲ್ ಎಂಬ ಬಿಯರಿಗೆ ಕ್ಯಾಸ್ಕೇಡನ್ನು ಧಾರಾಳ ಹಾಕಿತು. ಕ್ಯಾಲಿಫೋರ್ನಿಯಾದ ಚೀಕೋ ಊರಿನಲ್ಲಿ ಕೆನ್ ಗ್ರಾಸ್‌ಮನ್ ಎಂಬ ಯುವಕ 1976ರಲ್ಲಿ ಮನೆ ಬಿಯರಿನ ಸಾಮಾನಿನ ಅಂಗಡಿ ಇಟ್ಟಿದ್ದರು. ಚಿಲ್ಲರೆಗೆ ಒಳ್ಳೆಯ ಹಾಪ್ಸ್ ಸಿಗುವುದಿಲ್ಲವೆಂದು ಅವರು ವಾಷಿಂಗ್ಟನ್ನಿನ ಯಕಿಮಾ ಕಣಿವೆಗೇ ಹೋಗಿ, ದಲಾಲರು ಮಾದರಿಗೆಂದು ಬೇಲಿನಿಂದ ಕತ್ತರಿಸಿಟ್ಟ ತುಂಡುಗಳನ್ನು ಕೊಂಡು ತಂದರು. ಮುಂದೆ ಅವರು ಕಟ್ಟಿದ ಸಿಯೆರಾ ನೆವಾಡಾ ಬ್ರೂವರಿ 1980ರಲ್ಲಿ ಮಾಡಿದ ಪೇಲ್ ಏಲ್ ಕ್ಯಾಸ್ಕೇಡಿನ ಪರಿಮಳದಿಂದಲೇ ಹೆಸರಾಯಿತು. ಮನೆಯಲ್ಲಿ ಬಿಯರ್ ಮಾಡಲು ಅಮೆರಿಕದ ಕೇಂದ್ರ ಕಾನೂನು ಬಿಟ್ಟುಕೊಟ್ಟದ್ದು 1978ರಲ್ಲಿ: ಮಾರಾಟಕ್ಕಲ್ಲದೆ ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್.

ಕ್ಯಾಸ್ಕೇಡ್ ಅಗ್ಗ ಯಾಕೆ? ಸರ್ಕಾರಿ ಖರ್ಚಿನಲ್ಲಿ ಹುಟ್ಟಿದ್ದು, ಯಾರು ಬೇಕಾದರೂ ನೆಡಬಹುದು, ರಾಯಧನ ಇಲ್ಲ. ಇಳುವರಿಯೂ ಒಳ್ಳೆಯದು. ಈಗ ಬಹಳ ಹೆಸರು ಮಾಡಿರುವ ಸಿಟ್ರಾದಂಥ ತಳಿಗಳಿಗೆ ಖಾಸಗಿ ಒಡೆಯರಿದ್ದಾರೆ, ಒಪ್ಪಂದವಿಲ್ಲದೆ ಬೆಳೆಯುವಂತಿಲ್ಲ. ತಳಿ ಯಾರದ್ದು ಎಂಬುದು ದರದಲ್ಲಿ ಕಾಣ್ತದೆ.

ಇನ್ನು ಲೆಕ್ಕಕ್ಕೆ ಬರುವ. ಹಾಪ್ಸಿನ ಕಹಿಗೆ ಕಾರಣ ಆಲ್ಫಾ ಆಮ್ಲ. ಪೊಟ್ಟಣದ ಮೇಲೆ ಅದರ ಶೇಕಡಾ ಪ್ರಮಾಣ ಬರೆದಿರುತ್ತದೆ. ಕ್ಯಾಸ್ಕೇಡಿನಲ್ಲಿ ಸಾಮಾನ್ಯವಾಗಿ ಶೇ. 4.5ರಿಂದ 7. ಇದನ್ನು ನೋಡದೆ ತೂಕದ ದರ ಮಾತ್ರ ನೋಡುವುದು ಯೂರಿಯಾ ಚೀಲಕ್ಕೂ ಅಮೋನಿಯಂ ಸಲ್ಫೇಟ್ ಚೀಲಕ್ಕೂ ಒಂದೇ ತಕ್ಕಡಿ ಹಿಡಿದ ಹಾಗೆ. ಒಂದರಲ್ಲಿ ಸಾರಜನಕ 46, ಇನ್ನೊಂದರಲ್ಲಿ ಸುಮಾರು 21. ಉದಾಹರಣೆಗೆ, ಆಲ್ಫಾ 12 ಇರುವ ಹಾಪ್ಸ್ 100 ಗ್ರಾಮಿಗೆ 400 ರೂಪಾಯಿ, ಆಲ್ಫಾ 6 ಇರುವ ಹೊಸ ತಳಿ 300 ರೂಪಾಯಿ ಅಂತ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಒಂದು ಗ್ರಾಮ್ ಆಲ್ಫಾಕ್ಕೆ 33 ರೂಪಾಯಿ ಬಿತ್ತು, ‘ಅಗ್ಗದ್ದರಲ್ಲಿ’ 50 ರೂಪಾಯಿ! ಕಹಿಗೋಸ್ಕರ ಕೊಳ್ಳುವವನಿಗೆ ಎರಡನೆಯದೇ ದುಬಾರಿ. ಪರಿಮಳಕ್ಕಾದರೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಮೂಗೇ ತಕ್ಕಡಿ.

ಅಲ್ಲಿನ ಮನೆಗಳಲ್ಲಿ ಒಂದು ಹಂಡೆ ಅಂದರೆ 19 ಲೀಟರ್. ಮೊಳಕೆ ಬಾರ್ಲಿ ಸುಮಾರು ನಾಲ್ಕೂವರೆ ಕಿಲೋ, ತರಿಯಾಗಿ ಒಡೆದದ್ದು. ಕಿಲೋಗೆ ಮೂರು ಲೀಟರ್ ಬಿಸಿನೀರಿನಲ್ಲಿ 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಹಿಟ್ಟು ಸಕ್ಕರೆಯಾಗ್ತದೆ. ಬಸಿದು, ಚರಟವನ್ನು ಮತ್ತೆ ಬಿಸಿನೀರಿನಲ್ಲಿ ತೊಳೆದು ಅದನ್ನೂ ಸೇರಿಸಿ, ಒಂದು ಗಂಟೆ ಕುದಿಸುವುದು. ಹಾಪ್ಸಿನ ಕೆಲಸ ಇಲ್ಲಿ. ಕುದಿ ಶುರುವಾದಾಗ ಹಾಕಿದ್ದು ಕಹಿ ಕೊಡ್ತದೆ, ಪರಿಮಳವೆಲ್ಲ ಆವಿಯಲ್ಲಿ ಹೋಗ್ತದೆ. ಕೊನೆಗೆ ಹಾಕಿದ್ದು ಪರಿಮಳ ಕೊಡ್ತದೆ, ಕಹಿ ಕಡಿಮೆ. ಸಾರಿಗೆ ಒಗ್ಗರಣೆ ಕೊನೆಗೇ ಯಾಕೆ ಅಂತ ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ಸಾಕು.

ಆಲ್ಫಾ 6 ಇರುವ ಕ್ಯಾಸ್ಕೇಡ್ 28 ಗ್ರಾಮ್ ಮೊದಲಿಗೇ ಹಾಕಿದರೆ ಅದರಲ್ಲಿ 1680 ಮಿಲಿಗ್ರಾಮ್ ಆಲ್ಫಾ. ಒಂದು ಗಂಟೆಯ ಕುದಿಯಲ್ಲಿ ಬಿಯರಿಗೆ ದಕ್ಕುವುದು ಹೆಚ್ಚುಕಡಿಮೆ ಕಾಲು ಪಾಲು, 420 ಮಿಲಿಗ್ರಾಮ್. 19ರಿಂದ ಭಾಗಿಸಿದರೆ ಲೀಟರಿಗೆ 22. ಲೀಟರಿಗೆ ಇಷ್ಟು ಮಿಲಿಗ್ರಾಮ್ ಎಂಬುದೇ ಕಹಿಯ ಅಳತೆ. ಇನ್ನೊಂದು 28 ಗ್ರಾಮ್ ಕೊನೆಯ ಹತ್ತು ನಿಮಿಷಕ್ಕೆ ಹಾಕಿದರೆ ಕಹಿ ಏಳೆಂಟು ಏರಿ 30ರ ಹತ್ತಿರ ಬರ್ತದೆ. ಪೇಲ್ ಏಲ್‌ಗೆ ಅದು ಹದ.

ಆಮೇಲೆ ಬೇಗನೆ 20 ಡಿಗ್ರಿಗೆ ತಣಿಸಿ ಯೀಸ್ಟ್ ಹಾಕಿ, ಗಾಳಿ ಹೊರಹೋಗುವ ಬಿರಡೆ ಇಟ್ಟು ಎರಡು ವಾರ. ಕುದಿಸಿದ ಮೇಲೆ ತಾಗುವ ಪಾತ್ರೆ, ಕೊಳವೆ, ಸೌಟು ಎಲ್ಲವೂ ಸೋಂಕು ಕಳೆದದ್ದೇ ಆಗಬೇಕು. ಹುದುಗು ಇಳಿದ ಮೇಲೆ ಮತ್ತೊಂದು 28 ಗ್ರಾಮ್ ಹಾಪ್ಸನ್ನು ತಣ್ಣಗೇ ಮೂರು ನಾಲ್ಕು ದಿನ ನೆನೆಸುವುದೂ ಉಂಟು. ಬಾಟಲಿಗೆ ತುಂಬುವಾಗ ಇಡೀ ಹಂಡೆಗೆ 110-120 ಗ್ರಾಮ್ ಸಕ್ಕರೆ, ನೊರೆಗೋಸ್ಕರ. ಕೈ ಜಾರಿ ಇಮ್ಮಡಿ ಬಿದ್ದರೆ ಬಾಟಲಿ ಸಿಡೀತದೆ. ಕಂದು ಬಾಟಲಿಯೇ ಆಗಬೇಕು, ಬೆಳಕು ಬಿದ್ದರೆ ಹಾಪ್ಸಿನ ಕಹಿ ಒಡೆದು ದುರ್ವಾಸನೆ.

ಹೊಸ ತಳಿಯ ಪರೀಕ್ಷೆಯಲ್ಲಿ ಅನುಭವಸ್ಥರ ಕ್ರಮ ನಮಗೂ ಹೊಂದುತ್ತದೆ. ಒಂದೇ ಹಂಡೆಯ ರಸವನ್ನು ನಾಲ್ಕು ಜಾಡಿಗೆ ಹಂಚುತ್ತಾರೆ. ಬಾರ್ಲಿ, ಯೀಸ್ಟ್ ಒಂದೇ. ಕೊನೆಗೆ ನೆನೆಸುವ ಹಾಪ್ಸ್ ಮಾತ್ರ ಬೇರೆ, ಒಂದು ಜಾಡಿಗೆ ಹಳೆಯ ಪರಿಚಯದ್ದು. ಗೊಬ್ಬರದ ಪ್ರಯೋಗಕ್ಕೆ ನಾವು ಒಂದು ಸಾಲು ಹಾಗೇ ಬಿಡುವುದಿಲ್ಲವೇ, ಅದರಂತೆ. ಎಷ್ಟೋ ಸಲ ನಾವು ಬಿಡುವುದೂ ಇಲ್ಲ, ಅದು ಬೇರೆ ಮಾತು.

ಅಗ್ಗದ ಹಾಪ್ಸಿನಲ್ಲಿ ಮೋಸ ಹೋಗುವುದು ಹಳೆ ದಾಸ್ತಾನಿನಲ್ಲಿ. ಕ್ಯಾಸ್ಕೇಡ್ ಇದರಲ್ಲಿ ದುರ್ಬಲ. ತೆರೆದಿಟ್ಟು 20 ಡಿಗ್ರಿಯಲ್ಲಿ ಆರು ತಿಂಗಳು ಬಿಟ್ಟರೆ ಆಲ್ಫಾ ಅರ್ಧದಷ್ಟು ಮುಗೀತದೆ. ಮೇಲಿನ ಲೆಕ್ಕದ 22 ಆಗ 11. ಪೊಟ್ಟಣದ ಮೇಲಿನ ಅಂಕಿ ಮಾತ್ರ ಹಾಗೇ ಇರ್ತದೆ! ಬೆರಳಲ್ಲಿ ತಿಕ್ಕಿ ಮೂಸಿದಾಗ ಹಳೆಯ ಚೀಸಿನ, ಬೆವರಿದ ಕಾಲ್ಚೀಲದ ವಾಸನೆ ಬಂದರೆ ಅರ್ಧ ಬೆಲೆಗೂ ಬೇಡ. ಒಳ್ಳೆಯದು ಸಿಕ್ಕಿದರೆ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಇಡಬೇಕು. ಕೊಯ್ಲಿನ ವರ್ಷ ಬರೆಯದ ಮಾಲನ್ನು ತಿಳಿದವರು ಮುಟ್ಟುವುದಿಲ್ಲ.

ಉಳಿದ ಬಾರ್ಲಿ ಚರಟ ದನಗಳಿಗೆ ಒಳ್ಳೆಯ ತಿಂಡಿ, ಹಳಸುವ ಮೊದಲು ಹಾಕಬೇಕು. ಹಾಪ್ಸಿನ ಚರಟ ಗೊಬ್ಬರದ ಗುಂಡಿಗೆ, ಅದೂ ನಾಯಿಗೆ ಸಿಗದ ಹಾಗೆ ಮುಚ್ಚಿ. ನಾಯಿ ತಿಂದರೆ ಮೈ ವಿಪರೀತ ಬಿಸಿಯೇರಿ ಸಾಯುವುದುಂಟು.

ಇಷ್ಟು ಓದಿ ಯಾರಾದರೂ ಹಂಡೆ ತೊಳೆಯಲು ಹೊರಟರೆ ನೆನಪಿರಲಿ: ಇಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅಪರಾಧ, ಮನೆ ಬಳಕೆಗೆಂದರೂ ಕೇಳುವುದಿಲ್ಲ. ಹಾಪ್ಸ್ ಬೆಳೆಯುವ ಆಸೆಗೆ ಅಡ್ಡ ಬರುವುದು ಕಾನೂನಲ್ಲ, ಸೂರ್ಯ. ಬಳ್ಳಿ ಮೊದಲು ಉದ್ದ ಹಗಲಿನಲ್ಲಿ ಬೆಳೆದು, ಹಗಲು ಇಳಿಯುತ್ತಾ ಬಂದಾಗ ಹೂ ಬಿಡುವ ಜಾತಿಯದ್ದು. ಯಕಿಮಾದಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಅತಿ ಉದ್ದದ ಹಗಲೂ ಹೆಚ್ಚುಕಡಿಮೆ 13 ಗಂಟೆ. ಹಾಗಾಗಿ ಇಲ್ಲಿ ಬಳ್ಳಿ ಎತ್ತರಕ್ಕೆ ಹೋಗುವ ಮೊದಲೇ ನಾಲ್ಕು ಹೂ ಬಿಟ್ಟು ನಿಂತುಬಿಡ್ತದೆ. ದೇಶದೊಳಗೆ ಹಾಪ್ಸ್ ಬೆಳೆದವರು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯವರು. ಅದು ಅಷ್ಟು ಉತ್ತರಕ್ಕಿದೆ, ಎತ್ತರದಲ್ಲೂ ಇದೆ. ನಾಳೆ ಯಾರಾದರೂ ಹಾಪ್ಸ್ ಸಸಿ ಹಿಡಿದುಕೊಂಡು ಅಂಗಳಕ್ಕೆ ಬಂದರೆ, ದರ ವಿಚಾರಿಸುವ ಮೊದಲು ಈ ಮೂರು ಗಂಟೆ ಹಗಲನ್ನು ಎಲ್ಲಿಂದ ತರ್ತೀರಿ ಅಂತ ಕೇಳಿ.