ರಕ್ತ ಕಡಿಮೆ, ಫೆರಿಟಿನ್ ಹೆಚ್ಚು

ಪ್ರಶ್ನೆ: ರಕ್ತಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ 7 ವರ್ಷದ ಮಗನಿಗೆ ಈಚೆಗೆ ಜ್ವರ ಬಂದಿತ್ತು. ಹಿಮೋಗ್ಲೋಬಿನ್ 8, ಫೆರಿಟಿನ್ 1,800. ಕಬ್ಬಿಣದ ಟಾನಿಕ್ ಕೊಡಬಹುದೇ?

ಉತ್ತರ: ತಾವಾಗಿಯೇ ಕೊಡತಕ್ಕದ್ದಲ್ಲ, ತಾಯಿ. ಫೆರಿಟಿನ್ ಕಬ್ಬಿಣದ ಸಂಗ್ರಹವನ್ನು ಸೂಚಿಸುವುದಾದರೂ ಸೋಂಕು, ಉರಿಯೂತಗಳಿಂದಲೂ ಏರುವುದರಿಂದ, ಮತ್ತು ಏರಿಸಿದ ಒಂದು ಚೀಲ ರಕ್ತದೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಸೇರಿದರೆ ಅದನ್ನು ಹೊರಹಾಕುವ ಮಾರ್ಗ ದೇಹಕ್ಕಿಲ್ಲದಿರುವುದರಿಂದ, ಒಂದೇ ಅಂಕಿಯನ್ನು ನೆಚ್ಚಿ ನಿರ್ಣಯಿಸುವುದು ಯುಕ್ತವಲ್ಲ. ಜ್ವರವಿಳಿದು ಕೆಲವು ವಾರಗಳ ತರುವಾಯ ಫೆರಿಟಿನ್, ಸಿಆರ್‌ಪಿ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಬಗೆಗೆ ವೈದ್ಯರನ್ನು ಕೇಳಿರಿ. ಈವರೆಗೆ ಏರಿಸಿದ ರಕ್ತದ ಲೆಕ್ಕವನ್ನೂ ಬರೆದು ಒಪ್ಪಿಸಿರಿ. ಆಗಲೂ ಫೆರಿಟಿನ್ 1,000ವನ್ನು ಮೀರಿದ್ದರೆ ಯಕೃತ್ತಿನ ಎಂಆರ್‌ಐ ಮತ್ತು ಕಬ್ಬಿಣ ತೆಗೆಯುವ ಔಷಧದ ಅಗತ್ಯವನ್ನು ರಕ್ತರೋಗತಜ್ಞರು ನಿಶ್ಚಯಿಸುವರು. ಜ್ವರವು 100.4 ಡಿಗ್ರಿ ಮುಟ್ಟಿದೊಡನೆ, ಬೆಳಗಾಗಲೆಂದು ಕಾಯದೆ, ಆಸ್ಪತ್ರೆಗೆ ಕರೆದೊಯ್ಯಿರಿ.