ಸವಿತಾಳ ಹೆಸರು ಎಲ್ಲಿ ಹೋಯ್ತು?



ನಮ್ಮ ವಳಸಂಗದಿಂದ ಜತ್ತಕ್ಕೆ ವಿಜ್ಞಾನ ಪ್ರದರ್ಶನಕ್ಕೆ ಹೋಗುವವರ ಪಟ್ಟಿ ಮಾಡಬೇಕು ಅಂತ ತಿಳಿಯಿರಿ. ಕಂಪ್ಯೂಟರ್ ಪರದೆಯ ಮೇಲೆ ಎರಡು ಪೆಟ್ಟಿಗೆ. ಎಡಗಡೆ ‘ಉಳಿದವರು’, ಬಲಗಡೆ ‘ಹೊರಡುವವರು’, ನಡುವೆ ಒಂದು ಬಟನ್. ಎಡಗಡೆ ಹೆಸರು ಆರಿಸಿ ಬಟನ್ ಒತ್ತಿದರೆ ಅದು ಬಲಕ್ಕೆ ಹೋಗಬೇಕು. ಇಂಥ ಪೆಟ್ಟಿಗೆಗೆ ಲಿಸ್ಟ್‌ಬಾಕ್ಸ್ ಎನ್ನುತ್ತಾರೆ. ಪೈಥಾನ್ ಭಾಷೆಯ ಟಿಕೆಇಂಟರ್‌ನಲ್ಲಿ ಇದನ್ನು ಸುಲಭವಾಗಿ ಮಾಡಬಹುದು. ಆದರೆ ಒಂದು ಕಡೆ ಎಚ್ಚರ ಬೇಕು. ಅದನ್ನು ಕಂಪ್ಯೂಟರ್ ಇಲ್ಲದೆಯೂ ಕಲಿಯಬಹುದು.

ಮಾಡಿ ನೋಡ್ರಿ

ಬೆಂಚಿನ ಮೇಲೆ ಸೀಮೆಸುಣ್ಣದಿಂದ ಸಾಲಾಗಿ 0, 1, 2, 3, 4 ಎಂದು ಬರೆಯಿರಿ. ಪೈಥಾನ್ ಎಣಿಕೆ ಸೊನ್ನೆಯಿಂದಲೇ ಶುರು. ಐದು ಚೀಟಿಗಳಲ್ಲಿ ಬಸವರಾಜ, ರೇಣುಕಾ, ಮಲ್ಲಪ್ಪ, ಸವಿತಾ, ಇರ್ಫಾನ್ ಎಂದು ಬರೆದು ಅದೇ ಕ್ರಮದಲ್ಲಿ ಅಂಕಿಗಳ ಮೇಲೆ ಇಡಿ.

ರೇಣುಕಾ, ಮಲ್ಲಪ್ಪ ಇಬ್ಬರನ್ನೂ ಆರಿಸಿದ್ದೇವೆ. ಕಂಪ್ಯೂಟರ್ ನೆನಪಿಡುವುದು ಹೆಸರನ್ನಲ್ಲ, ಸ್ಥಾನವನ್ನು: 1 ಮತ್ತು 2. ಮೊದಲು ಇಬ್ಬರ ಹೆಸರನ್ನೂ ಬಲಪಟ್ಟಿ ಎಂದು ಪಾಟಿಯ ಮೇಲೆ ಬರೆದುಕೊಳ್ಳಿ. ಈಗ 1ನೇ ಸ್ಥಾನದ ಚೀಟಿ ತೆಗೆಯಿರಿ. ಹಿಂದಿನ ಚೀಟಿಗಳೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯಲಿ. ಆಮೇಲೆ 2ನೇ ಸ್ಥಾನದ ಚೀಟಿ ತೆಗೆಯಿರಿ. ಕೈಗೆ ಬಂದದ್ದು ಯಾರದು? ಸವಿತಾಳದು!

ಈಗ ಮಲ್ಲಪ್ಪ ಎರಡೂ ಪಟ್ಟಿಯಲ್ಲಿದ್ದಾನೆ, ಸವಿತಾ ಯಾವುದರಲ್ಲೂ ಇಲ್ಲ. ಎಡಗಡೆ 3, ಬಲಗಡೆ 2, ಒಟ್ಟು 5. ಲೆಕ್ಕ ಸರಿಯಾಗಿಯೇ ಇದೆ! ಕಂಪ್ಯೂಟರ್ ಕೂಡ ತಪ್ಪು ಅಂತ ಹೇಳುವುದಿಲ್ಲ. ಬರೀ ತಲೆ ಎಣಿಸಿದರೆ ಈ ದೋಷ ಸಿಗುವುದಿಲ್ಲ, ಹೆಸರು ಓದಿಯೇ ನೋಡಬೇಕು.

ಪರಿಹಾರ

ಚೀಟಿಗಳನ್ನು ಮೊದಲಿನಂತೆ ಜೋಡಿಸಿ, ಹಿಂದಿನಿಂದ ತೆಗೆಯಿರಿ. ಮೊದಲು 2, ಆಮೇಲೆ 1. ಹಿಂದಿನದನ್ನು ತೆಗೆದರೆ ಅದರ ಮುಂದಿನವು ಅಲುಗುವುದಿಲ್ಲ. ಸವಿತಾ ಉಳಿದಳು, ಹೌದಲ್ಲ?

ಟಿಕೆಇಂಟರ್‌ನಲ್ಲಿ ಕ್ರಮ ಹೀಗೆ:

1. ಕರ್‌ಸೆಲೆಕ್ಷನ್ ಆದೇಶದಿಂದ ಆರಿಸಿದ ಸ್ಥಾನಗಳನ್ನು ಪಡೆಯಿರಿ. ಏನೂ ಆರಿಸದಿದ್ದರೆ ಅಲ್ಲಿಗೇ ನಿಲ್ಲಿಸಿ.
2. ಮುಂದಿನಿಂದ ಹಿಂದಕ್ಕೆ ಹೋಗುತ್ತ, ಗೆಟ್‌ನಿಂದ ಹೆಸರು ಓದಿ, ಇನ್ಸರ್ಟ್‌ನಿಂದ ಬಲಪಟ್ಟಿಯ ಕೊನೆಗೆ ಸೇರಿಸಿ. ಆಗ ಹೆಸರುಗಳ ಕ್ರಮ ಕೆಡುವುದಿಲ್ಲ.
3. ಎಲ್ಲ ಸೇರಿಸಿದ ಮೇಲೆ, ರಿವರ್ಸ್ಡ್ ಬಳಸಿ ಹಿಂದಿನಿಂದ ಮುಂದಕ್ಕೆ ಬರುತ್ತ ಡಿಲೀಟ್ ಮಾಡಿ.

ಇನ್ನೆರಡು ಮಾತು. ಲಿಸ್ಟ್‌ಬಾಕ್ಸ್ ತಾನಾಗಿ ಒಂದೇ ಹೆಸರು ಆರಿಸಲು ಬಿಡುತ್ತದೆ. ಹಲವು ಬೇಕಾದರೆ ಸೆಲೆಕ್ಟ್‌ಮೋಡ್ ಅನ್ನು ಮಲ್ಟಿಪಲ್ ಮಾಡಿ. ಹಾಗೆಯೇ, ಬಲಗಡೆ ಒಂದು ಹೆಸರು ಆರಿಸಿದ ಕೂಡಲೇ ಎಡಗಡೆಯ ಆಯ್ಕೆ ಅಳಿಸಿಹೋಗುತ್ತದೆ. ಟಿಕೆ ಮೊದಲು ಬೆಳೆದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ಒಂದೇ ಕಡೆ ಆಯ್ಕೆ ಇರುತ್ತಿತ್ತು, ಆ ರೂಢಿ ಇಲ್ಲೂ ಉಳಿದಿದೆ. ಎರಡೂ ಪೆಟ್ಟಿಗೆಗಳಿಗೆ ಎಕ್ಸ್‌ಪೋರ್ಟ್‌ಸೆಲೆಕ್ಷನ್ ಅನ್ನು ಫಾಲ್ಸ್ ಮಾಡಿದರೆ ಎರಡರ ಆಯ್ಕೆಯೂ ಉಳಿಯುತ್ತದೆ.

ನೀವೇ ಯೋಚಿಸಿ

1. 0 ಮತ್ತು 4ನ್ನು ಆರಿಸಿ, ಮುಂದಿನಿಂದ ತೆಗೆದರೆ ಏನಾಗುತ್ತದೆ? ಚೀಟಿಯಿಂದಲೇ ಕಂಡುಕೊಳ್ಳಿ.
2. ಸ್ಥಾನದ ಬದಲು ಹೆಸರು ನೋಡಿ ಅಳಿಸಿದರೆ ಹೇಗೆ? ತರಗತಿಯಲ್ಲಿ ಇಬ್ಬರು ಸವಿತಾ ಇದ್ದರೆ? ಹಾಜರಿ ಸಂಖ್ಯೆಯಿಂದ ಏನು ಅನುಕೂಲ?